ಕಾಲು ಯಾರದ್ದು

ಬ್ರಹ್ಮಾವರದ ಕಡೆ ಯಾರದ್ದೋ ಕಾಲು ತೆಗೆದರಂತೆ ಎಂಬ ಸುದ್ದಿ ಬಂದರೆ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲು, "ಶುಗರಾ?" ಆಮೇಲೆ, "ಎಲ್ಲಿವರೆಗೆ ತೆಗ್ದ್ರ್?" ಬೆರಳೊಂದೇ ಎಂದರೆ ಕೇಳಿದವರ ಮುಖ ಸ್ವಲ್ಪ ಸಡಿಲವಾಗುತ್ತದೆ. ಅರ್ಧ ಪಾದ ಎಂದರೆ "ಚ್ಚು ಚ್ಚು" ಎಂದಾರು. ಮೊಣಗಂಟಿನ ಕೆಳಗೆ ಎಂದರೆ ಮಾತು ನಿಲ್ಲುತ್ತದೆ. ಅದಕ್ಕೂ ಮೇಲೆ ಎಂದರೆ ವಿಚಾರಣೆ ಕಾಲನ್ನು ಬಿಟ್ಟು ಮನೆಯ ಕಡೆ ತಿರುಗುತ್ತದೆ: ಮಗ ಎಲ್ಲಿದ್ದಾನೆ, ಬೊಂಬಾಯಿಯೋ ದುಬೈಯೋ, ಸೊಸೆ ಊರಲ್ಲಿದ್ದಾಳೋ, ಕಕ್ಕಸು ಮನೆಯೊಳಗಿದೆಯೋ, ಅಂಗಳ ದಾಟಬೇಕೋ. ಈ ಕೊನೆಯದನ್ನು ಕೇಳುವವರು ಹೆಂಗಸರು. ನಾಳೆಯಿಂದ ಯಾರ ಸೊಂಟ ಮುರಿಯುತ್ತದೆ ಎಂದು ಅವರಿಗೆ ಆಗಲೇ ಗೊತ್ತು.

ಇಂಥ ವಿಚಾರಣೆ ಇಷ್ಟು ಸಲೀಸಾಗಿ ನಾಲಿಗೆಗೆ ಬರುತ್ತದೆಂದರೆ ಸುದ್ದಿ ಹೊಸತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ ಎಂದು ಲೆಕ್ಕ ಸಿಕ್ಕಿತು. ಗೋವಾದ ವಯಸ್ಕರಲ್ಲಿ ಶೇ. 26.4, ಕೇರಳದಲ್ಲಿ ಶೇ. 25.5. ನಮ್ಮ ಕರಾವಳಿ ಈ ಎರಡರ ನಡುವೆ ಚಾಚಿಕೊಂಡ ಪಟ್ಟಿ. ಸಮುದ್ರ ಅದೇ, ಅನ್ನ-ಮೀನು ಅದೇ, ಗದ್ದೆ ಬಿಟ್ಟು ಕುರ್ಚಿ ಹಿಡಿದ ಕಥೆಯೂ ಅದೇ. ಮದುವೆ ಮನೆಯ ಪಂಕ್ತಿಯಲ್ಲಿ ಈಗ "ಶುಗರ್ ಇತ್ತಾ?" ಎಂದು ಯಾರೂ ಕೇಳುವುದಿಲ್ಲ, "ನಿಮ್ಗೆಷ್ಟಿತ್ತ್?" ಎಂದೇ ಕೇಳುತ್ತಾರೆ.

ಆದರೆ ಶುಗರ್ ಇರುವುದು ಬೇರೆ, ಶುಗರಿಗೆ ಕಾಲು ಕೊಡುವುದು ಬೇರೆ. ಇಂಥ ಮನೆಗಳಿಗೆ ಹೋಗಿ ಕೂತು ಬಂದಾಗಲೆಲ್ಲ ನನಗೆ ಒಂದು ವಿಚಿತ್ರ ಕಾಣುತ್ತದೆ. ತೆಗೆಯುವ ಮಾತು ಬಂದ ದಿನ ಆ ಕಾಲು ಇಡೀ ಕುಟುಂಬದ್ದಾಗುತ್ತದೆ. ಬೈಯುವಾಗಲೂ ಎಲ್ಲರಿಗೂ ಹಕ್ಕು ಬರುತ್ತದೆ. ನೋಡಿಕೊಳ್ಳಬೇಕಾಗಿದ್ದ ಹತ್ತು ಹದಿನೈದು ವರ್ಷ ಮಾತ್ರ ಅದು ಅವರೊಬ್ಬರದ್ದೇ ಆಗಿತ್ತು.

ತೆಗೆಯುವ ದಿನದಿಂದಲೇ ನೋಡೋಣ. ಕೋಟ, ಸಾಲಿಗ್ರಾಮ, ಬಾರ್ಕೂರು, ಮಂದಾರ್ತಿ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಮಣಿಪಾಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅಲ್ಲಿ ವೈದ್ಯಕೀಯ ಕಾಲೇಜು ಶುರು ಮಾಡಿದಾಗಿನಿಂದ ಈ ಊರುಗಳ ಹುಟ್ಟು ಸಾವುಗಳಲ್ಲಿ ದೊಡ್ಡ ಪಾಲು ಆ ಗುಡ್ಡದ ಮೇಲೆಯೇ ನಡೆದಿದೆ. ಮಣಿಪಾಲವೇ ಆಗಲಿ, ಉಡುಪಿ ಕುಂದಾಪುರಗಳ ಇನ್ನಾವುದೇ ಆಸ್ಪತ್ರೆಯಾಗಲಿ, ವಾರ್ಡಿನ ಹೊರಗಿನ ಮೊಗಸಾಲೆಯಲ್ಲಿ ನಡೆಯುವ ನಾಟಕ ಒಂದೇ. ಡಾಕ್ಟರು ಕಾಲು ಉಳಿಯುವುದಿಲ್ಲ ಎಂದಿದ್ದಾರೆ. ಬೊಂಬಾಯಿಯ ಮಗ ಫೋನಿನ ಪರದೆಯಲ್ಲಿದ್ದಾನೆ. ಭಾವ ನಾಟಿ ವೈದ್ಯರೊಬ್ಬರ ಹೆಸರು ಹೇಳುತ್ತಾರೆ. ಅಳಿಯಸಂತಾನದ ಮನೆಯಾದರೆ ಸೋದರಮಾವ ಬರುವ ತನಕ ಯಾರೂ ಬಾಯಿ ಬಿಡುವುದಿಲ್ಲ. ಕೊನೆಗೆ ಎಲ್ಲರೂ ಒಪ್ಪುವ ಒಂದೇ ತೀರ್ಮಾನ: "ಅಪ್ಪಯ್ಯಂಗ್ ಈಗ್ಳೇ ಹೇಳುದ್ ಬ್ಯಾಡ." ಗಾಯ ಕ್ಲೀನ್ ಮಾಡುತ್ತಾರಂತೆ ಎಂದು ಹೇಳಿ ಒಳಗೆ ಕಳಿಸುತ್ತಾರೆ. ಅಪ್ಪಯ್ಯ ಎಚ್ಚರಾಗಿ ಹೊದಿಕೆಯ ಮೇಲೆ ಕೈ ಆಡಿಸುತ್ತಾರೆ.

ಈ ಸುಳ್ಳು ಹೇಳುವವರಾರೂ ಕೆಟ್ಟವರಲ್ಲ. ಅವರ ಕಣ್ಣಲ್ಲಿ ನೀರಿರುತ್ತದೆ. ಹೇಳಿದರೆ ಎದೆಯೊಡೆದಾರು ಎಂಬ ಭಯ ನಿಜವಾದ್ದೇ. ಆದರೂ ಇದನ್ನು ದಯೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹೇಳಲಾಗದ ಮಾತಿನಿಂದ ನಾವು ತಪ್ಪಿಸಿಕೊಂಡು, ಅದನ್ನು ಮಂಪರಿನಿಂದ ಏಳುವ ಮುದುಕರ ತಲೆಗೆ ಕಟ್ಟಿದ್ದೇವೆ. ಅಂದಿನಿಂದ ಅವರು ಡ್ರೆಸ್ಸಿಂಗಿಗೆ ಬಂದ ನರ್ಸನ್ನೂ ನಂಬುವುದಿಲ್ಲ, ಮಾತ್ರೆ ಕೊಡುವ ಮಗಳನ್ನೂ ನಂಬುವುದಿಲ್ಲ. ಮುಂದೆ ತಿಂಗಳುಗಟ್ಟಲೆ ಅವರ ಸಹಕಾರವೇ ಔಷಧಿಯಾಗಬೇಕಾದ ಹೊತ್ತಿನಲ್ಲಿ ನಂಬಿಕೆಯನ್ನೇ ಮೊದಲು ಕತ್ತರಿಸಿ ಹಾಕಿರುತ್ತೇವೆ.

ಕಾನೂನು ಈ ವಿಷಯದಲ್ಲಿ ನಮ್ಮ ಮೊಗಸಾಲೆಗಿಂತ ಸ್ಪಷ್ಟವಾಗಿದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ದೇಹದ ಮೇಲಿನ ಶಸ್ತ್ರಚಿಕಿತ್ಸೆಗೆ ಅವರದ್ದೇ ಒಪ್ಪಿಗೆ ಬೇಕು, ಪ್ರಾಣಾಪಾಯದ ತುರ್ತಿಲ್ಲದಾಗ ತಾಯಿ ಕೊಟ್ಟ ಒಪ್ಪಿಗೆಯೂ ಅದಕ್ಕೆ ಸಾಟಿಯಲ್ಲ. ಅಲ್ಲಿ ರೋಗಿ ಅರಿವಳಿಕೆಯಲ್ಲಿದ್ದರು, ತಾಯಿ ಹೊರಗೆ ಕೂತಿದ್ದರು. ಎಚ್ಚರ ಬರುವ ತನಕ ಕಾಯಬಹುದಿತ್ತು ಎಂಬುದೇ ಕೋರ್ಟಿನ ಮಾತಿನ ತಿರುಳು. ನಮ್ಮ ಅಪ್ಪಯ್ಯ ಮಂಚದ ಮೇಲೆ ಎಚ್ಚರಾಗಿಯೇ ಕೂತು ಉದಯವಾಣಿ ಓದುತ್ತಿರುತ್ತಾರೆ.

ಯುಗೊಸ್ಲಾವಿಯಾದ ಟಿಟೊ ನೆನಪಾಗುತ್ತಾರೆ. ನೆಹರೂ, ನಾಸೆರ್ ಜೊತೆ ನಿಂತ ಫೋಟೋದಲ್ಲಿ ನಮ್ಮ ಹಿರಿಯರೆಲ್ಲ ಅವರನ್ನು ನೋಡಿದವರೇ. ಅವರಿಗೂ ಸಕ್ಕರೆ ಕಾಯಿಲೆ ಇತ್ತು. 1980ರ ಜನವರಿಯಲ್ಲಿ ಎಡಗಾಲಿನ ರಕ್ತನಾಳ ಕಟ್ಟಿಕೊಂಡಿತು. ಮಹಾಯುದ್ಧದಲ್ಲಿ ಹಿಟ್ಲರನ ಸೈನ್ಯಕ್ಕೆ ಸೆಡ್ಡು ಹೊಡೆದ ಮನುಷ್ಯ ಕಾಲು ಕೊಡಲು ಒಪ್ಪಲಿಲ್ಲ. ಇಬ್ಬರು ಗಂಡುಮಕ್ಕಳು ಬಂದು ಮಾತಾಡಿದ ಮೇಲೆ ಒಪ್ಪಿದರು. ಜನವರಿ 20ರಂದು ಕಾಲು ತೆಗೆದರು, ಮೇ 4ರಂದು ಅವರು ತೀರಿಕೊಂಡರು. ಕಾಲು ಕೊಟ್ಟರೂ ಜೀವ ಉಳಿಯಲಿಲ್ಲ, ನಿಜ. ನನಗೆ ಮುಖ್ಯವಾಗಿ ಕಾಣುವುದು ಆ ಮಕ್ಕಳು ಹೊರಗೆ ನಿಂತು ಸಹಿ ಹಾಕದೆ ಅಪ್ಪನ ಎದುರಿಗೇ ಕೂತು ಮಾತಾಡಿದ್ದು.

ಒಳಗೆ ಹೋಗಿ ಮಾತಾಡಿದರೆ ಅಪ್ಪಯ್ಯ "ಬ್ಯಾಡ" ಎಂದೇ ಹೇಳಬಹುದು. ಆಗೇನು ಮಾಡುವುದು ಎಂಬುದಕ್ಕೆ ನನ್ನ ಹತ್ತಿರ ಸಲೀಸಾದ ಉತ್ತರ ಇಲ್ಲ. ಕೊಳೆತ ಪಾದದ ನಂಜು ರಕ್ತಕ್ಕೆ ಸೇರಿದರೆ ದಿನಗಳಲ್ಲಿ ಜೀವ ಹೋಗುತ್ತದೆ. ಇನ್ನೊಬ್ಬ ಡಾಕ್ಟರನ್ನು ಕೇಳುವುದು, ರಕ್ತನಾಳ ತೆರೆಯಲು ಸಾಧ್ಯವೇ ಎಂದು ಪರೀಕ್ಷೆ ಮಾಡಿಸುವುದು ಸರಿಯೇ; ನಾಟಿ ಮದ್ದಿಗೆಂದು ಇನ್ನೊಂದು ವಾರ ತಳ್ಳುವುದು ಬೇರೆ. ಆದರೆ ಅವರ "ಬ್ಯಾಡ"ದ ಹಿಂದೆ ಏನಿದೆ ಎಂದು ಕೆದಕಿ ಕೇಳಿದರೆ ಸಾವಿನ ಭಯ ಸಿಗುವುದು ಕಡಿಮೆ. ಇನ್ನೊಬ್ಬರ ಕೈಯಲ್ಲಿ ತೊಳೆಸಿಕೊಳ್ಳಬೇಕಲ್ಲ ಎಂಬುದೇ ಹೆಚ್ಚಿನವರ ಸಂಕಟ. ಸೊಸೆಯ ಎದುರು ಮಲಗಿಕೊಂಡು ಉಚ್ಚೆಯ ಬಾಟಲಿ ಕೇಳುವುದು. ಹೆಂಗಸರು ಸುದ್ದಿ ಕೇಳಿದ ಕ್ಷಣದಲ್ಲೇ ವಿಚಾರಿಸಿದ ಆ ಕಕ್ಕಸೇ ಅವರ ತಲೆಯಲ್ಲೂ ಕೂತಿರುತ್ತದೆ. ಇದಕ್ಕೆ ಧೈರ್ಯದ ಮಾತು ಬೇಡ. ಕೋಣೆಯ ಪಕ್ಕದಲ್ಲಿ ಕಮೋಡು ಕೂರಿಸಿ ಗೋಡೆಗೆ ಹಿಡಿಕೆ ಹಾಕಿಸುತ್ತೇವೆ, ಮೇಸ್ತ್ರಿಗೆ ಹೇಳಿಯಾಗಿದೆ ಎಂದರೆ ಸಾಕು, ಅರ್ಧ ಒಪ್ಪಿಗೆ ಅಲ್ಲೇ ಸಿಗುತ್ತದೆ.

ತೆಗೆದ ಕಾಲನ್ನು ಏನು ಮಾಡುತ್ತಾರೆ ಎಂದು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ಎಲ್ಲರ ಮನಸ್ಸಲ್ಲೂ ಇರುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಅದು ಹಳದಿ ಚೀಲಕ್ಕೆ ಹೋಗಿ ಸುಟ್ಟು ಬೂದಿಯಾಗುತ್ತದೆ. ಮುಸ್ಲಿಂ ಮನೆಯವರು ಕೆಲವರು ಕೇಳಿ ಪಡೆದು ದಫನ ಮಾಡುವುದುಂಟು. ಮಿಕ್ಕವರಿಗೆ ಅದಕ್ಕೊಂದು ಸೂತಕವೂ ಇಲ್ಲ, ಬೊಜ್ಜವೂ ಇಲ್ಲ. ಮನುಷ್ಯ ಸತ್ತರೆ ಹದಿಮೂರು ದಿನ ಅಳಲು ಜಾಗ ಮಾಡಿಕೊಟ್ಟ ನಮ್ಮ ಸಂಪ್ರದಾಯ, ಅರುವತ್ತು ವರ್ಷ ಹೊತ್ತು ನಡೆದ ಕಾಲು ಹೋದರೆ ಏನು ಮಾಡಬೇಕೆಂದು ಹೇಳಿಲ್ಲ. ಹಾಗಾಗಿ ಆ ದುಃಖ ದಾರಿ ಸಿಗದೆ ಸಿಟ್ಟಾಗಿ ತಿರುಗುತ್ತದೆ.

ಸಿಟ್ಟಿಗೆ ಒಂದೇ ವಾಕ್ಯ: "ಹೇಳ್ರೆ ಕೇಂಬುದಿಲ್ಲೆ." ಹೇಳಿದ್ದೆವು, ಕೇಳಲಿಲ್ಲ. ಹಲಸಿನ ಹಣ್ಣಿನ ಕಾಲದಲ್ಲಿ ಬಾಯಿ ಕಟ್ಟಲಿಲ್ಲ. ಉಪನಯನದ ಮನೆಯಲ್ಲಿ ಹೋಳಿಗೆ ಬಡಿಸುವವನನ್ನು ಎರಡನೇ ಸಲ ಕರೆದರು. ಬೀಡಿ ಬಿಡಲಿಲ್ಲ. ನೋಡಲು ಬಂದವರ ಎದುರು, ಮಂಚದ ಮೇಲಿರುವವರಿಗೆ ಕೇಳುವಂತೆ, ಈ ಪಟ್ಟಿ ಓದುತ್ತಾರೆ. ಬಂದವರೂ ತಲೆದೂಗುತ್ತಾರೆ. ತಪ್ಪು ಅವರದ್ದೇ ಎಂದಾದರೆ ನಮ್ಮ ಕಾಲು ಭದ್ರ ಎಂಬ ಸಣ್ಣ ನೆಮ್ಮದಿ ಆ ತಲೆದೂಗುವಿಕೆಯಲ್ಲಿದೆ.

ಮಂಚದ ಮೇಲಿರುವವರದ್ದು ತಪ್ಪೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಬೀಡಿ ಕಾಲಿನ ರಕ್ತನಾಳವನ್ನು ಹಿಂಡುತ್ತದೆ, ಅದು ನಿಜ. ಅದೇ ಬೀಡಿಯನ್ನು ಜಗಲಿಯಲ್ಲಿ ಕೂತು ಕಟ್ಟಿ ಈ ಕರಾವಳಿಯ ಎಷ್ಟೋ ತಾಯಂದಿರು ಮಕ್ಕಳ ಶಾಲೆ ಫೀಸು ಕಟ್ಟಿದರು, ಅದೂ ನಿಜ. ಆದರೆ ದೋಷಾರೋಪ ನಿಲ್ಲಬೇಕಾದರೆ ಆರೋಪಿಗೆ ಗೊತ್ತಿರಬೇಕು. ಈ ಕಾಯಿಲೆಯ ಕಪಟ ಇರುವುದೇ ಅಲ್ಲಿ. ವರ್ಷಗಟ್ಟಲೆ ಏರಿದ ಸಕ್ಕರೆ ಎಲ್ಲಕ್ಕಿಂತ ಉದ್ದದ ನರಗಳನ್ನು ಮೊದಲು ಕೆಡಿಸುತ್ತದೆ. ಬೇಸಿಗೆಯಲ್ಲಿ ತೋಡಿನ ನೀರು ಕಡೆಯ ಗದ್ದೆಗೇ ಮೊದಲು ತಪ್ಪುವ ಹಾಗೆ, ಅರಿವು ಬೆರಳ ತುದಿಯಿಂದ ಹಿಂದೆ ಸರಿಯುತ್ತದೆ. ಮೊದಲು ಜೋಮು, ಉರಿ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಜನ ಗುಣವಾಯಿತೆಂದು ತಿಳಿಯುತ್ತಾರೆ. ಪಾದದ ಆಕಾರ ಬದಲಾಗಿ ಒಂದೇ ಜಾಗಕ್ಕೆ ಭಾರ ಬೀಳುತ್ತದೆ, ಅಲ್ಲಿ ಆಣಿ ಕಟ್ಟುತ್ತದೆ, ಆಣಿಯ ಅಡಿಯಲ್ಲಿ ಗಾಯವಾಗುತ್ತದೆ. ಗಾಯದ ಮೇಲೆಯೇ ಮನುಷ್ಯ ಪೇಟೆಗೆ ಹೋಗಿ ಮೀನು ತರುತ್ತಾನೆ. ನೋವಿದ್ದಿದ್ದರೆ ಕುಂಟುತ್ತಿದ್ದ. ಕುಂಟಿದ್ದರೆ ಯಾರಾದರೂ ಕೇಳುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಆಗುವ ಕಾಲಿನ ಛೇದನಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಶುರುವಾಗುವುದು ಇಂಥ ಒಂದು ಸದ್ದಿಲ್ಲದ ಹುಣ್ಣಿನಿಂದ.

ನೋವು ಇಲ್ಲದಿರುವುದೇ ರೋಗ ಎಂಬುದನ್ನು ಜಗತ್ತಿಗೆ ತಿಳಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ಪಕ್ಕದ ನಾಡಿನಲ್ಲಿ ಕೆಲಸ ಮಾಡಿದವರು. ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ 1946ರಲ್ಲಿ ಶಸ್ತ್ರವೈದ್ಯರಾಗಿ ವೆಲ್ಲೂರಿಗೆ ಬಂದರು. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಉದುರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಬೆರಳು ಉದುರುವುದಲ್ಲ, ಅರಿವಿಲ್ಲದೆ ಸುಟ್ಟುಕೊಂಡು, ಕೊಯ್ದುಕೊಂಡು, ಸವೆಸಿಕೊಂಡು ಕಳೆದುಕೊಳ್ಳುವುದು ಎಂದು ಬ್ರ್ಯಾಂಡ್ ಪತ್ತೆ ಮಾಡಿದರು. ಕೆಲವರ ಬೆರಳು ರಾತ್ರೋರಾತ್ರಿ ಮಾಯವಾಗುತ್ತಿತ್ತು. ಕಾದು ನೋಡಿದರೆ ಇಲಿ ತಿನ್ನುತ್ತಿತ್ತು. ಮಲಗಿದವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಅಂದಿನಿಂದ ಮನೆಗೆ ಹೋಗುವ ರೋಗಿಗಳ ಜೊತೆ ಒಂದೊಂದು ಬೆಕ್ಕನ್ನೂ ಕಳಿಸಿಕೊಟ್ಟರಂತೆ. ವೈದ್ಯಶಾಸ್ತ್ರ ಬರೆದ ಚೀಟಿಗಳಲ್ಲೆಲ್ಲ ನನಗೆ ಬಹಳ ಹಿಡಿಸಿದ ಚೀಟಿ ಇದು. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್‌ಗೆ ಹೋದರು. ಕುಷ್ಠದ ಪಾದದಿಂದ ಕಲಿತದ್ದು ಸಕ್ಕರೆ ಕಾಯಿಲೆಯ ಪಾದಕ್ಕೂ ಒಪ್ಪುತ್ತದೆ ಎಂದು ತೋರಿಸಿಕೊಟ್ಟರು. ಈಗ ಶುಗರಿನವರಿಗೆ ಕೊಡುವ ಮೆತ್ತನೆ ಎಂಸಿಆರ್ ಚಪ್ಪಲಿ ಮೊದಲು ಮಾಡಿದ್ದು ಕುಷ್ಠರೋಗಿಗಳಿಗೆಂದೇ.

ಅಂದರೆ ನೋವು ಹೇಳದ ಪಾದಕ್ಕೆ ಬೇರೆ ಯಾರಾದರೂ ಕಣ್ಣಾಗಬೇಕು. ಮನೆಯವರ ಕೆಲಸ ಶುರುವಾಗಬೇಕಾಗಿದ್ದದ್ದು ಅಲ್ಲಿ.

ನಾವು ಕಾಲು ಮುಟ್ಟುವುದರಲ್ಲಿ ಹಿಂದೆ ಬಿದ್ದವರಲ್ಲ. ದೀಪಾವಳಿಗೆ, ಮದುವೆಗೆ, ಪರೀಕ್ಷೆಗೆ ಹೊರಟಾಗ ಹಿರಿಯರ ಕಾಲಿಗೆ ಬೀಳುತ್ತೇವೆ. ಬಿದ್ದವರು ಮುಟ್ಟುವುದು ಪಾದದ ಮೇಲ್ಭಾಗವನ್ನು. ಅಂಗಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳಬಾರದು ಎಂದೇ ಕಲಿಸಿದ್ದಾರೆ, ಹಿರಿಯರ ಎದುರು ಅಂಗಾಲು ತೋರಿಸಿ ಕೂರುವುದು ಮರ್ಯಾದೆಯಲ್ಲ. ಅಪ್ಪನ ಬ್ಯಾಂಕಿನ ಪಾಸ್‌ಬುಕ್ ನೋಡಿದ ಮಗ, ಅಪ್ಪನ ಎಕ್ಸ್‌ರೇ ನೋಡಿದ ಮಗ, ಅಪ್ಪನ ಅಂಗಾಲನ್ನು ಒಮ್ಮೆಯೂ ನೋಡಿರುವುದಿಲ್ಲ. ಸಕ್ಕರೆ ಕಾಯಿಲೆಯವರು ದಿನಕ್ಕೊಮ್ಮೆ ಪಾದ ನೋಡಿಕೊಳ್ಳಿ ಎಂದು ಡಾಕ್ಟರು ಹೇಳುತ್ತಾರೆ. ಎಪ್ಪತ್ತು ವರ್ಷದ, ಹೊಟ್ಟೆ ಬಂದ, ಕಣ್ಣು ಮಂಜಾದ ಮನುಷ್ಯ ಬಗ್ಗಿ ತನ್ನ ಅಂಗಾಲು ನೋಡಿಕೊಳ್ಳುವುದು ಹೇಗೆ?

ನಮ್ಮ ಕಡೆಯ ನೆಲವೂ ಪಾದಕ್ಕೆ ಮೆತ್ತಗಿನದ್ದಲ್ಲ. ಅಂಗಳದಲ್ಲಿ ಮುರಕಲ್ಲು, ಮಳೆಗಾಲದಲ್ಲಿ ಕೆಸರು. ಬೆರಳ ಸಂದಿ ಕೊಳೆಯದ ಆಷಾಢವಿಲ್ಲ. ಮಂದಾರ್ತಿಯಲ್ಲೋ ನೀಲಾವರದಲ್ಲೋ ಕೊಲ್ಲೂರಿನಲ್ಲೋ ಮೇ ತಿಂಗಳ ನಡುಹಗಲು ಬರಿಗಾಲಲ್ಲಿ ಸುತ್ತು ಬಂದವರ ಚರ್ಮ ಸುಡುತ್ತದೆ. ಅರಿವಿದ್ದವರು ಕುಣಿಯುತ್ತ ಓಡುತ್ತಾರೆ, ಅರಿವಿಲ್ಲದವರು ಭಕ್ತಿಯಿಂದ ನಿಧಾನ ನಡೆಯುತ್ತಾರೆ. ಆ ನಿಧಾನವನ್ನು ನೋಡಿದವರು ಶಾಂತಿ ಎಂದುಕೊಂಡಾರು. ಮನೆಯೊಳಗೂ ಚಪ್ಪಲಿ ಹಾಕಿ ಎಂದು ಡಾಕ್ಟರು ಹೇಳಿದರೆ ದೇವರ ಕೋಣೆ, ತುಳಸಿಕಟ್ಟೆ, ಅಡುಗೆಮನೆ ಎಲ್ಲ ಅಡ್ಡ ಬರುತ್ತವೆ. ಒಳಗಿನ ಓಡಾಟಕ್ಕೆಂದೇ ಬೇರೆ ಜೋಡಿ ಇಟ್ಟುಕೊಂಡರೆ ಯಾವ ದೇವರಿಗೂ ಮೈಲಿಗೆಯಿಲ್ಲ ಎಂದು ಹೇಳಬಲ್ಲ ಒಬ್ಬ ಅಜ್ಜಿ ಪ್ರತಿ ಮನೆಯಲ್ಲೂ ಬೇಕಾಗಿದೆ.

ಹೆಂಗಸಿನ ಕಾಲಿನ ಕಥೆ ಇದಕ್ಕಿಂತ ಕಷ್ಟದ್ದು. ಗಂಡನ ಪಾದಕ್ಕೆ ಎಣ್ಣೆ ಹಚ್ಚುವ ಹೆಂಡತಿ ಇನ್ನೂ ಅಲ್ಲಲ್ಲಿ ಸಿಗುತ್ತಾಳೆ. ಹೆಂಡತಿಯ ಪಾದ ಹಿಡಿದು ನೋಡುವ ಗಂಡ ಸಿಗುವುದಿಲ್ಲ. ಸಿಕ್ಕಿದರೆ ಅವಳೇ ಬಿಡುವುದಿಲ್ಲ. ಹಿಮ್ಮಡಿ ಒಡೆದು ಬಿರಿದಿದ್ದರೂ "ಎಂತ ಇಲ್ಲೆ, ಚೂರ್ ಗಾಯ" ಎಂದು ಸೆರಗಿನ ಅಂಚಿನ ಬಟ್ಟೆ ಹರಿದು ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲುತ್ತಾಳೆ. ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವುದು ವಾಸನೆ ಬಂದ ಮೇಲೆ.

ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಕೆಲವು ಜಾಗಗಳಿಗೆ ತಾಗಿಸಿ, "ಗೊತ್ತಾಯ್ತಾ?" ಎಂದು ಕೇಳುವ ಪರೀಕ್ಷೆ ಇದೆ. ಹತ್ತು ನಿಮಿಷವೂ ಬೇಡ. ಮಣಿಪಾಲದಲ್ಲಿ, ಬೆಂಗಳೂರಿನ ಸರ್ಕಾರಿ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪಾದಗಳಿಗೆಂದೇ ವಿಭಾಗ ಇದೆ. ಆದರೂ ಶುಗರ್ ಚೆಕ್ ಎಂದರೆ ನಮಗೆ ಬೆರಳ ತುದಿಯ ಒಂದು ಹನಿ ರಕ್ತ ಅಷ್ಟೇ. ಡಾಕ್ಟರ ಎದುರು ಕೂತಾಗ ಚಪ್ಪಲಿ ಕಳಚಿ "ಇದನ್ನೂ ನೋಡಿ" ಎನ್ನುವವರು ಎಷ್ಟು ಮಂದಿ?

ಕಾಲು ತೆಗೆಸಿಕೊಂಡು ಮನೆಗೆ ಬಂದ ಮೇಲಿನ ಪ್ರೀತಿಯ ಕುರಿತು ಒಂದೆರಡು ಮಾತು ಹೇಳಬೇಕು, ಏಕೆಂದರೆ ಆಗ ಪ್ರೀತಿ ಉಕ್ಕುತ್ತದೆ. ಉಳಿದ ಮೋಟುಕಾಲಿನ ಕೆಳಗೆ ಮಗಳು ಮೆತ್ತನೆಯ ದಿಂಬು ಇಡುತ್ತಾಳೆ. ಫಿಸಿಯೋಥೆರಪಿಯವರು ಬಂದು ಮೊದಲು ಮಾಡುವ ಕೆಲಸ ಆ ದಿಂಬನ್ನು ಎಳೆದು ತೆಗೆಯುವುದು. ಮೊಣಗಂಟು ಮಡಚಿಕೊಂಡೇ ಇದ್ದರೆ ಅಲ್ಲೇ ಬಿಗಿದು ನಿಲ್ಲುತ್ತದೆ, ನಾಳೆ ಕೃತಕ ಕಾಲು ಕೂರುವುದಿಲ್ಲ. ಮಗಳಿಗೆ ಬೇಸರವಾಗುತ್ತದೆ, ಅಪ್ಪನಿಗೆ ನೋವಾಗುತ್ತದೆ. ಇಬ್ಬರೂ ಸೇರಿ ಫಿಸಿಯೋದವರನ್ನು ಬೈದುಕೊಳ್ಳುತ್ತಾರೆ. ಇಡೀ ಮನೆಯೇ ಆ ದಿಂಬಿನ ಕೆಲಸ ಮಾಡುತ್ತಿರುತ್ತದೆ. ನೀರು ಬೇಕೆನ್ನುವ ಮೊದಲೇ ಲೋಟ ಬರುತ್ತದೆ. ಅಂಗಡಿಯ ಲೆಕ್ಕ ಅಳಿಯನ ಕೈಗೆ ಹೋಗುತ್ತದೆ. ದೈವದ ಕೋಲದ ಮೀಟಿಂಗಿಗೆ ತಮ್ಮ ಹೋಗುತ್ತಾನೆ. ತೋಟಕ್ಕೆ ಮದ್ದು ಬಿಡುವುದನ್ನೂ ಅಪ್ಪಯ್ಯನಲ್ಲಿ ಯಾರೂ ಕೇಳುವುದಿಲ್ಲ, ಪಾಪ, ಅವರಿಗೇಕೆ ತಲೆಬಿಸಿ. ಡಾಕ್ಟರು ತೆಗೆದದ್ದು ಮೊಣಗಂಟಿನ ಕೆಳಗಿನದ್ದು ಮಾತ್ರ. ಯಜಮಾನಿಕೆ ತೆಗೆದವರು ನಾವು.

ಇಲ್ಲದ ಕಾಲು ತುರಿಸುತ್ತದೆ ಎಂದು ಅವರು ಹೇಳಿದಾಗ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಬುದ್ಧಿ ಕೆಟ್ಟಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ಕಂಡ ವಿಯರ್ ಮಿಚೆಲ್ ಎಂಬ ವೈದ್ಯರು 1871ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಒಂದು ಕನ್ನಡಿಯನ್ನು ನಡುವೆ ನಿಲ್ಲಿಸಿ, ಉಳಿದ ಅಂಗದ ಪ್ರತಿಬಿಂಬ ಹೋದ ಅಂಗದ ಜಾಗದಲ್ಲಿ ಕಾಣುವಂತೆ ಮಾಡಿ, ಕೆಲವರ ಆ ನೋವನ್ನು ತಗ್ಗಿಸಿ ತೋರಿಸಿದರು. ನಂಬಲಿಕ್ಕೆ ಕಷ್ಟವಾದರೂ ಕೇಳುವುದಕ್ಕೆ ಖರ್ಚಿಲ್ಲ. ಎಲ್ಲಿ ತುರಿಸುತ್ತದೆ, ಹೆಬ್ಬೆರಳೋ ಹಿಮ್ಮಡಿಯೋ ಎಂದು ಕೇಳಿ.

ಕೃತಕ ಕಾಲಿನ ವಿಷಯದಲ್ಲೂ ಅವಸರದ ತೀರ್ಪು ಬೀಳುತ್ತದೆ. ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಡಾ. ಪಿ.ಕೆ. ಸೇಥಿಯವರೂ 1968ರಲ್ಲಿ ರೂಪಿಸಿದ ಜೈಪುರ ಕಾಲು ನಮ್ಮ ಬದುಕಿಗೆ ಹೇಳಿ ಮಾಡಿಸಿದ್ದು. ಬರಿಗಾಲಲ್ಲಿ ನಡೆಯಬಹುದು, ನೆಲದಲ್ಲಿ ಚಕ್ಕಳಮಕ್ಕಳ ಹಾಕಬಹುದು. ಆದರೆ ಮೋಟುಕಾಲಿನ ಬಾವು ಇಳಿದು ಅದು ಸಣ್ಣದಾಗುತ್ತ ಹೋಗುತ್ತದೆ, ಮೊದಲು ಕೊಟ್ಟದ್ದು ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಸಡಿಲವಾದದ್ದು ಉಜ್ಜಿ ಹೊಸ ಹುಣ್ಣು. ಮತ್ತೆ ಅಳತೆ ಕೊಡಿಸಬೇಕು. ಅದು ಗೊತ್ತಿಲ್ಲದೆ ಕಾಲು ಅಟ್ಟಕ್ಕೇರುತ್ತದೆ, "ಅವ್ರಿಗೆ ಉದಾಸೀನ" ಎಂಬ ಮಾತು ಊರಿಗೆ ಹೋಗುತ್ತದೆ. ರಕ್ತನಾಳ ಕೆಟ್ಟು ಮೊಣಗಂಟಿನ ಕೆಳಗೆ ಕಾಲು ಹೋದವರಿಗೆ ನಡೆಯಲು ಮಾಮೂಲಿಗಿಂತ ಸುಮಾರು ಶೇ. 40ರಷ್ಟು ಹೆಚ್ಚು ಶಕ್ತಿ ಬೇಕು. ಮೊಣಗಂಟೂ ಹೋದರೆ ದುಪ್ಪಟ್ಟಿನ ಹತ್ತಿರ. ಜಗಲಿಯಿಂದ ಗೇಟಿನ ತನಕ ಹೋಗಿ ಬೆವರುತ್ತ ಕೂತವರು ಗುಡ್ಡ ಹತ್ತಿ ಇಳಿದಿದ್ದಾರೆ. ಕನ್ನಡ ಸಿನಿಮಾದ ಸತ್ಯಜಿತ್ ನೆನಪಿರಬಹುದು. ತೆರೆಯ ಮೇಲೆ ಗುಡುಗುತ್ತಿದ್ದ ಖಳನಾಯಕ. ಗ್ಯಾಂಗ್ರಿನ್‌ಗೆ ಕಾಲು ಹೋಯಿತು, 2021ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಟನೆಗೆ ಬೇಕಾದ ಗಂಟಲು, ಕಣ್ಣು ಎಲ್ಲ ಇದ್ದವು. ಕೂತಲ್ಲೇ ನಟಿಸಬಹುದಾದ ಪಾತ್ರ ಬರೆಯುವುದು ಅಷ್ಟು ಕಷ್ಟವೇ?

ಯಕ್ಷಗಾನದ ಹಾರಾಡಿ, ಮಟಪಾಡಿ ತಿಟ್ಟುಗಳು ಹುಟ್ಟಿದ ಊರುಗಳು ಬ್ರಹ್ಮಾವರದ ಮಗ್ಗುಲಲ್ಲೇ ಇವೆ. ತೊಡೆಮುರಿದ ಕೌರವನನ್ನು ಬೆಳಗಿನ ಜಾವ ರಂಗಸ್ಥಳದಲ್ಲಿ ನೋಡದ ಹಿರಿಯರು ಇಲ್ಲಿ ಕಡಿಮೆ. ಭಾಸ ಕವಿಯ ಊರುಭಂಗದಲ್ಲಿ ಮಾತ್ರ ಒಂದು ಹೊಸ ಸಂಗತಿ ಇದೆ: ಬಿದ್ದ ದುರ್ಯೋಧನನನ್ನು ಹುಡುಕಿಕೊಂಡು ಅವನ ಮನೆಯವರು ಯುದ್ಧಭೂಮಿಗೆ ಬರುತ್ತಾರೆ. ಕುರುಡು ತಂದೆ, ಕಣ್ಣು ಕಟ್ಟಿಕೊಂಡ ತಾಯಿ, ರಾಣಿಯರು, ಜೊತೆಗೆ ಎಳೆಯ ಮಗ ದುರ್ಜಯ. ಹುಡುಗ ಬಂದವನೇ ರೂಢಿಯಂತೆ ಅಪ್ಪನ ತೊಡೆಯ ಮೇಲೆ ಕೂರಲು ಹೋಗುತ್ತಾನೆ. ಅಪ್ಪ ತಡೆಯಬೇಕಾಗುತ್ತದೆ. ರಾಜ್ಯ ಹೋದಾಗ ಮುರಿಯದವನು ಅಲ್ಲಿ ಮುರಿಯುತ್ತಾನೆ. ನಮ್ಮ ಮನೆಗಳಲ್ಲಿ ಇದು ತಿರುಗಿ ನಡೆಯುತ್ತದೆ. ಅಜ್ಜನಿಗೆ ತೊಡೆ ಇದೆ, ಕೂರಿಸಿಕೊಳ್ಳುವ ಆಸೆಯೂ ಇದೆ. ಮೊಮ್ಮಗುವನ್ನು ದೂರ ಎಳೆಯುವವರು ನಾವು. ಅಜ್ಜನಿಗೆ ನೋವಾಗುತ್ತೆ ಎಂದು ಮಗುವಿಗೆ ಹೇಳುತ್ತೇವೆ. ಮಗು ನೋಡಿ ಹೆದರೀತು ಎಂಬುದು ನಮ್ಮ ಒಳಗಿನ ಮಾತು. ಗಾಯ ಮಾಗಿದ ಮೇಲೆ ಮಗುವಿಗೆ ಮುಟ್ಟಲು ಬಿಟ್ಟರೆ ಅದು ಒಂದೆರಡು ಪ್ರಶ್ನೆ ಕೇಳಿ ಆಟಕ್ಕೆ ಹೋಗುತ್ತದೆ.

ಉಳಿದದ್ದು ಇನ್ನೊಂದು ಕಾಲಿನ ಮಾತು. ಒಂದು ಕಾಲು ಹೋದವರ ಇನ್ನೊಂದು ಕಾಲೂ ಅದೇ ಸಕ್ಕರೆ ಉಂಡದ್ದು, ಈಗ ಎರಡರ ಭಾರ ಹೊರುತ್ತಿರುವುದು. ದೊಡ್ಡ ಛೇದನವಾದ ಸಕ್ಕರೆ ರೋಗಿಗಳಲ್ಲಿ ಅರ್ಧದಷ್ಟು ಜನ ಐದು ವರ್ಷ ದಾಟುವುದಿಲ್ಲ ಎಂದು ಹೊರದೇಶಗಳ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಹೆಚ್ಚಿನವರನ್ನು ಒಯ್ಯುವುದು ಹೃದಯ, ಮೂತ್ರಪಿಂಡ. ಹಾಗಾಗಿ ಗಾಯ ಮಾಗಿತೆಂದು ಮಾತ್ರೆಯ ಡಬ್ಬಿ ಮುಚ್ಚುವಂತಿಲ್ಲ. ಇನ್ನೊಂದು ಪಾದವನ್ನಾದರೂ ಮನೆಯವರು ದಿನಾ ನೋಡುತ್ತಾರೆ. ಕಲಿತಿರುತ್ತಾರೆ, ದುಬಾರಿ ಫೀಸು ಕೊಟ್ಟು.

ಹೆಚ್ಚಾಗಿ ನೋಡುವವಳು ಹೆಂಡತಿ. ಅವಳಿಗೂ ಅರುವತ್ತೈದು, ಅವಳಿಗೂ ಶುಗರ್. ಗಂಡನನ್ನು ಎತ್ತಿ ಇಳಿಸಿ, ಅಂಗಳ ಗುಡಿಸಿ, ಬರಿಗಾಲಲ್ಲಿ ಹಟ್ಟಿಗೆ ಹೋಗಿ ಬರುತ್ತಾಳೆ. ಅವಳ ಅಂಗಾಲನ್ನು ಯಾರು ನೋಡಬೇಕು ಎಂದು ಕೇಳಿದರೆ ಮಗಳು ಮೈಸೂರಿನಲ್ಲಿ, ಸೊಸೆಗೆ ಆಫೀಸು. ದಿನವಿಡೀ ಮನೆಯಲ್ಲಿರುವವರು, ಕೂತಲ್ಲೇ ಇರುವವರು, ನೋಡದಿದ್ದರೆ ಏನಾಗುತ್ತದೆ ಎಂದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಒಬ್ಬರೇ. ಸಂಜೆ ಕೈಕಾಲು ತೊಳೆದು ಬಂದ ಮೇಲೆ ಅವಳು ಕುರ್ಚಿ ಎಳೆದು ಎದುರು ಕೂರಲಿ, ಪಾದ ಅವರ ತೊಡೆಯ ಮೇಲಿಡಲಿ. ಬೆರಳ ಸಂದಿ ಒರೆಸಿ, ಹಿಮ್ಮಡಿಯ ಬಿರುಕು ನೋಡಿ, ಆಣಿ ಕಟ್ಟಿದೆಯೇ ಎಂದು ಒತ್ತಿ ನೋಡುವ ಕೆಲಸ ಅವರದ್ದಾಗಲಿ. "ಬ್ಯಾಡ, ಕಾಲ್ ಮುಟ್ಬೇಡಿ, ಪಾಪ ಬತ್ತ್" ಎಂದು ಅವಳು ಎಳೆದುಕೊಂಡಾಳು. ಡಾಕ್ಟರು ಹೇಳಿದ್ದಾರೆ ಎಂದು ಸುಳ್ಳು ಹೇಳಲು ಇದೊಂದು ಕಡೆ ನನ್ನ ಒಪ್ಪಿಗೆ ಇದೆ. ಅದಕ್ಕೂ ಮೊದಲು ಅವರ ಕನ್ನಡಕ ಹಳೆಯದಾಗಿದ್ದರೆ ಬದಲಿಸಿ ಕೊಡಿ; ಶುಗರ್ ಕಣ್ಣನ್ನೂ ಬಿಡುವುದಿಲ್ಲ.